ಬಯೋಸ್: ಮುಟ್ಟಬೇಕೆ, ಬಿಡಬೇಕೆ?

ಸರಿಯಾಗಿ ನಡೆಯುತ್ತಿರುವ ಕಂಪ್ಯೂಟರಿನ ಬಯೋಸ್ ಬದಲಿಸುವುದೆಂದರೆ ಕೆರೆದು ಹುಣ್ಣು ಮಾಡಿಕೊಂಡಂತೆ ಎನ್ನುವವರು ಬಹಳ. ಈ ಮಾತು ಹೆಚ್ಚಿನ ಮಟ್ಟಿಗೆ ನಿಜವೇ. ಆದರೆ 2024ರಲ್ಲಿ ಇದಕ್ಕೆ ದೊಡ್ಡದೊಂದು ಅಪವಾದ ಕಂಡುಬಂತು. ಬಯೋಸ್ ಬದಲಿಸದೆ ಬಿಟ್ಟರೇ ಪ್ರೊಸೆಸರಿಗೆ ಅಪಾಯ ಎನ್ನುವ ಪರಿಸ್ಥಿತಿ ಅದು.

ಬಯೋಸ್ ಎಂದರೆ ಮದರ್‌ಬೋರ್ಡಿನ ಪುಟ್ಟ ಚಿಪ್ಪಿನಲ್ಲಿರುವ ತಂತ್ರಾಂಶ. ಸ್ವಿಚ್ ಒತ್ತಿದೊಡನೆ ಅದು ಮೆಮೊರಿ, ಡಿಸ್ಕ್ ಮುಂತಾದವನ್ನು ಪರೀಕ್ಷಿಸಿ, ಬಳಿಕ ವಿಂಡೋಸ್‌ಗೆ ಕೆಲಸ ವಹಿಸಿಕೊಡುತ್ತದೆ. ಅದು ಮಾಡುವ ಇನ್ನೊಂದು ಕೆಲಸ ಹೆಚ್ಚು ಜನರಿಗೆ ತಿಳಿಯದು. ಪ್ರೊಸೆಸರಿನ ಒಳಗಿನ ನಡವಳಿಕೆಯನ್ನು ನಿರ್ಧರಿಸುವ ಸೂಚನೆಗಳಿಗೆ ಮೈಕ್ರೊಕೋಡ್ ಎಂದು ಹೆಸರು. ಅದಕ್ಕೆ ಮಾಡಿದ ತಿದ್ದುಪಡಿಯನ್ನು ಪ್ರೊಸೆಸರ್ ವಿದ್ಯುತ್ ಹೋದೊಡನೆ ಮರೆತುಬಿಡುತ್ತದೆ. ಕಂಪ್ಯೂಟರ್ ಶುರುವಾದಾಗಲೆಲ್ಲ ಬಯೋಸ್ ಅದನ್ನು ಮತ್ತೆ ಹೇಳಿಕೊಡಬೇಕು. ಪಾಠ ಹಳೆಯದಾದರೆ ತಪ್ಪೂ ಹಾಗೆಯೇ ಉಳಿಯುತ್ತದೆ.

ಇಂಟೆಲ್ ಕಂಪನಿಯ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಆದದ್ದು ಇದೇ. ಆಟಗಳು, ಭಾರಿ ತಂತ್ರಾಂಶಗಳು ನಡುವೆಯೇ ನಿಂತುಹೋಗುತ್ತಿದ್ದವು. ಪರದೆಯ ಮೇಲೆ ಕೆಲವೊಮ್ಮೆ 'ವಿಡಿಯೊ ಮೆಮೊರಿ ಸಾಲದು' ಎಂಬ ಸಂದೇಶ ಮೂಡುತ್ತಿದ್ದುದರಿಂದ ಅನುಮಾನ ಗ್ರಾಫಿಕ್ಸ್ ಕಾರ್ಡಿನ ಮೇಲೆ ಹೋಗುತ್ತಿತ್ತು. 2024ರ ಜುಲೈನಲ್ಲಿ ಕಂಪನಿ ಕಾರಣ ತಿಳಿಸಿತು: ಮೈಕ್ರೊಕೋಡಿನ ದೋಷದಿಂದ ಪ್ರೊಸೆಸರ್ ಬೇಕಾದುದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿತ್ತು. ಕೇಳಿದ್ದನ್ನು ಮದರ್‌ಬೋರ್ಡ್ ಕೊಡುತ್ತಿತ್ತು. ಇದರಿಂದ ಪ್ರೊಸೆಸರಿನ ಗಡಿಯಾರ ಸಂಕೇತವನ್ನು ಹಂಚುವ ಮಂಡಲ ಅಕಾಲದಲ್ಲಿ ಸವೆಯುತ್ತಿತ್ತು.

ಸ್ವಲ್ಪ ವೋಲ್ಟೇಜ್ ಹೆಚ್ಚಾದರೆ ಏನಾಯಿತು ಎಂದು ವಿದ್ಯಾರ್ಥಿಗಳು ಕೇಳಬಹುದು. ಅದೇ ವೇಗದಲ್ಲಿ ಕೆಲಸ ಮಾಡುವಾಗ ಪ್ರೊಸೆಸರ್ ಬಳಸುವ ವಿದ್ಯುತ್ತಿನ ಮುಖ್ಯ ಭಾಗ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 1.2 ವೋಲ್ಟ್ 1.5 ಆದರೆ ಏರಿಕೆ ಕಾಲು ಭಾಗ. ಶಾಖದ ಏರಿಕೆ ಮಾತ್ರ ಅರ್ಧಕ್ಕೂ ಮೀರಿ. ಶಾಖ, ವೋಲ್ಟೇಜ್ ಎರಡೂ ಸೇರಿ ಸೂಕ್ಷ್ಮ ಟ್ರಾನ್ಸಿಸ್ಟರುಗಳ ಆಯಸ್ಸನ್ನು ತಿನ್ನುತ್ತವೆ. ಆಗಸ್ಟ್‌ನಲ್ಲಿ ಬಂದ ತಿದ್ದುಪಡಿ 1.55 ವೋಲ್ಟ್ ಮೀರಿದ ಬೇಡಿಕೆಗೆ ತಡೆ ಹಾಕಿತು. ಸೆಪ್ಟೆಂಬರ್‌ನಲ್ಲಿ ಹಾಗೂ 2025ರ ಮೇನಲ್ಲಿ ಮತ್ತೆರಡು ತಿದ್ದುಪಡಿಗಳು ಬಂದವು.

ಹಾಗಾದರೆ ಯಾರು ಬದಲಿಸಬೇಕು? ಈ ಎರಡು ಪೀಳಿಗೆಗಳ ಐ7, ಐ9 ಅಥವಾ ಹೆಚ್ಚು ಶಕ್ತಿಯ ಐ5 ಡೆಸ್ಕ್‌ಟಾಪ್ ಪ್ರೊಸೆಸರ್ ಇರುವವರು ಬಯೋಸಿನ ತಾರೀಖು ನೋಡಬೇಕು. ವಿಂಡೋಸಿನ 'ಸಿಸ್ಟಮ್ ಇನ್ಫರ್ಮೇಷನ್' ಪುಟದಲ್ಲಿ ಅದು ಸಿಗುತ್ತದೆ. 2024ರ ಆಗಸ್ಟ್‌ಗಿಂತ ಹಿಂದಿನದಾದರೆ ತಡಮಾಡಬಾರದು. ಇವೇ ಪೀಳಿಗೆಗಳ ಲ್ಯಾಪ್‌ಟಾಪ್ ಪ್ರೊಸೆಸರುಗಳಿಗೆ ಈ ತೊಂದರೆ ಇಲ್ಲವೆಂದು ಕಂಪನಿ ತಿಳಿಸಿದೆ. ಬೇರೆ ಪ್ರೊಸೆಸರ್ ಇರುವವರು ಮದರ್‌ಬೋರ್ಡ್ ತಯಾರಕರ ಟಿಪ್ಪಣಿ ಓದಿ, ಸುರಕ್ಷತೆಯ ಕಾರಣವಿದ್ದರೆ ಮಾತ್ರ ಮುಂದುವರಿಯುವುದು ಜಾಣತನ. ಕೇವಲ ಹೊಸದು ಬಂದಿದೆ ಎಂಬುದು ಕಾರಣವಲ್ಲ.

ಬದಲಿಸುವಾಗ ದೊಡ್ಡ ಶತ್ರು ಕರೆಂಟ್ ಹೋಗುವುದು. ಬರವಣಿಗೆ ಅರ್ಧಕ್ಕೆ ನಿಂತರೆ ಕಂಪ್ಯೂಟರ್ ಏಳದೇ ಹೋಗಬಹುದು. ಆದ್ದರಿಂದ ಬ್ಯಾಟರಿ ಚೆನ್ನಾಗಿರುವ ಯುಪಿಎಸ್ ಇರಲೇಬೇಕು. ಮದರ್‌ಬೋರ್ಡಿನ ಮಾದರಿ ಸಂಖ್ಯೆ ಅಕ್ಷರಶಃ ಹೊಂದಬೇಕು. ಕಡತವನ್ನು ತಯಾರಕರ ತಾಣದಿಂದಲೇ ಪಡೆಯಬೇಕು. ಮಕ್ಕಳ ಪ್ರಾಜೆಕ್ಟ್, ಮನೆಯ ಫೋಟೋಗಳ ಪ್ರತಿ ತೆಗೆದಿಡಬೇಕು. ಬಿಟ್‌ಲಾಕರ್ ಇದ್ದರೆ ಅದರ ಕೀಲಿ ಸಂಖ್ಯೆಯನ್ನು ಮೊದಲೇ ಬರೆದುಕೊಳ್ಳಬೇಕು. ಇಷ್ಟಕ್ಕೆ ಧೈರ್ಯ ಸಾಲದಿದ್ದರೆ ಮಾರಿದ ಅಂಗಡಿಯವರಿಂದಲೇ ಮಾಡಿಸಬಹುದು.

ಪೋಷಕರು ನೆನಪಿಡಬೇಕಾದ ಒಂದು ಸಂಗತಿಯಿದೆ. ಹೊಸ ಬಯೋಸ್ ಮುಂದಿನ ಸವೆತವನ್ನು ತಡೆಯುತ್ತದೆ, ಆಗಲೇ ಆದ ಹಾನಿಯನ್ನು ಸರಿಪಡಿಸದು. ಬದಲಿಸಿದ ಮೇಲೂ ಕಂಪ್ಯೂಟರ್ ನಿಲ್ಲುತ್ತಿದ್ದರೆ ಪ್ರೊಸೆಸರನ್ನೇ ಅನುಮಾನಿಸಬೇಕು. ಬಿಡಿಯಾಗಿ ಪೆಟ್ಟಿಗೆಯಲ್ಲಿ ಮಾರಾಟವಾದ ಈ ಪ್ರೊಸೆಸರುಗಳ ಖಾತರಿಯನ್ನು ಇಂಟೆಲ್ ಎರಡು ವರ್ಷ ವಿಸ್ತರಿಸಿತು. ಮೂರು ವರ್ಷವಿದ್ದುದು ಕೊಂಡ ದಿನದಿಂದ ಐದು ವರ್ಷವಾಯಿತು. ಆ ರಸೀದಿಯನ್ನು ಜೋಪಾನವಾಗಿ ಇಡುವುದು ಒಳ್ಳೆಯದು.