ಬಣ್ಣದ ಪ್ರಾಸ್ಪೆಕ್ಟಸ್ಸಿಗೆ ಮರುಳಾಗಿ ಅಪ್ಪನನ್ನು ಅಡ ಇಡಬೇಡಿ!



ಮೇ ತಿಂಗಳು ಬಂತೆಂದರೆ ನಮ್ಮಂಥ ಪ್ರೆಸ್ಸಿನವರಿಗೆ ಸುಗ್ಗಿ. ಒಂದು ಕಡೆ ಮದುವೆ ಪತ್ರಿಕೆ, ಇನ್ನೊಂದು ಕಡೆ ಇಂಜಿನಿಯರಿಂಗ್ ಕಾಲೇಜುಗಳ ಪ್ರಾಸ್ಪೆಕ್ಟಸ್ಸು. ಎರಡರ ಖರ್ಚೂ ಕೊನೆಗೆ ಬೀಳುವುದು ಅಪ್ಪನ ತಲೆಗೇ!

ದಪ್ಪ ಆರ್ಟ್ ಪೇಪರು, ನಾಲ್ಕು ಬಣ್ಣ, ಮೇಲು ಹೊದಿಕೆಗೆ ಲ್ಯಾಮಿನೇಷನ್ನು. ಪುಟ ತೆರೆದರೆ ಕಣ್ಣು ತಂಪಾಗಿಸುವ ಹಸಿರು ಲಾನ್ ಕಾಣುತ್ತದಲ್ಲ? ಅದು ಹಸಿರಾದದ್ದು ನಮ್ಮ ಡಿಟಿಪಿ ಹುಡುಗನ ಕಂಪ್ಯೂಟರಿನಲ್ಲಿ. ಒಂದು ಕಾಲೇಜಿನವರು, ಹೆಸರು ಬೇಡ ಬಿಡಿ, ಮೂರನೇ ಮಹಡಿಯ ಸೆಂಟ್ರಿಂಗ್ ಕಂಬ ಅಳಿಸಿ ಅಲ್ಲಿ ಕಿಟಕಿ ಕೂರಿಸಿಕೊಡಿ ಎಂದರು. ಕೂರಿಸಿಕೊಟ್ಟೆ. ದುಡ್ಡೂ ತೆಗೆದುಕೊಂಡೆ. ಆ ಪಾಪದಲ್ಲಿ ನನಗೂ ಪಾಲಿದೆ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಲವತ್ತು ಪುಟದ ಪುಸ್ತಕ. ನಾಲ್ಕು ವರ್ಷಕ್ಕೆ ಒಟ್ಟು ಎಷ್ಟು ಕಟ್ಟಬೇಕು ಎಂಬ ಒಂದೇ ಒಂದು ಸಾಲು ನಾನು ಅಚ್ಚು ಹಾಕಿದ ಯಾವುದರಲ್ಲೂ ಕಾಣಲಿಲ್ಲ. ಕನ್ನಡದ ಒಂದಕ್ಷರವೂ ಇಲ್ಲ! ಸಾಲಕ್ಕೆ ಸಹಿ ಹಾಕುವವನು ಕನ್ನಡದ ಅಪ್ಪ, ಬಳೆ ಬಿಚ್ಚಿಕೊಡುವವಳು ಕನ್ನಡದ ತಾಯಿ. ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿದರೆ ಎಲ್ಲಿ ಪ್ರಶ್ನೆ ಕೇಳಿಬಿಡುತ್ತಾರೋ ಎಂಬ ಭಯ ಈ ಮಹಾನುಭಾವರಿಗೆ.

ಕ್ಯಾಪಿಟೇಷನ್ ನಿಷೇಧಿಸುವ ಕಾನೂನು ನಮ್ಮ ರಾಜ್ಯದಲ್ಲಿ 1984ರಿಂದ ಇದೆ. 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ವಸೂಲಿಗೆ ಛೀಮಾರಿ ಹಾಕಿತು. ಆ ಪ್ರಕರಣ ಹುಟ್ಟಿದ್ದೂ ಕರ್ನಾಟಕದ ಕಾಲೇಜೊಂದರಿಂದಲೇ! ಈಗ ಡೊನೇಷನ್ ಎಂದು ಯಾರೂ ಬಾಯಿ ಬಿಡುವುದಿಲ್ಲ. ಸ್ಕಿಲ್ ಟ್ರೈನಿಂಗ್ ಅಂತೆ, ಪ್ಲೇಸ್‌ಮೆಂಟ್ ಶುಲ್ಕವಂತೆ, ಬ್ಲೇಜರ್ ಅಂತೆ. ಹೆಸರು ಬದಲಾಯಿತು, ಜೇಬಿಗೆ ಬೀಳುವ ಕೈ ಅದೇ.

ಕಳೆದ ವರ್ಷ ನಮ್ಮ ಬೈಂಡಿಂಗ್ ಕೆಲಸದವರ ಮಗ ಸಿಇಟಿ ಆಪ್ಷನ್ ಪಟ್ಟಿ ಹಿಡಿದು ಬಂದ. ನಲವತ್ತೆರಡು ಹೆಸರು. ಯಾರು ಬರೆದದ್ದು ಎಂದರೆ ಸೈಬರ್ ಸೆಂಟರಿನವನು. ಬೀದಿಯ ಹುಡುಗರಿಗೆಲ್ಲ ಅದೇ ಪಟ್ಟಿಯಂತೆ! ಮೇಲಿಂದ ಕೆಳಗಿನ ತನಕ ಕಂಪ್ಯೂಟರ್ ಸೈನ್ಸು, ಎಐ, ಡೇಟಾ ಸೈನ್ಸು. ಈ ಹುಡುಗನೋ, ಹತ್ತನೇ ಕ್ಲಾಸಿನಲ್ಲೇ ನನ್ನ ಕಟಿಂಗ್ ಮಷೀನು ಕೆಟ್ಟರೆ ಮೆಕ್ಯಾನಿಕ್ ಬರುವ ಮೊದಲೇ ಸ್ಪ್ಯಾನರ್ ಹಿಡಿದು ಕೂರುತ್ತಿದ್ದವನು. ನಿನಗೆ ಏನಪ್ಪಾ ಇಷ್ಟ ಎಂದೆ. ತಲೆ ತಗ್ಗಿಸಿ, "ಮೆಕ್ಯಾನಿಕಲ್ಲು ಸಾರ್, ಆದ್ರೆ ಕೇಳಿದೋರು ನಗ್ತಾರೆ" ಅಂದ. ನಗುವವರು ನಾಲ್ಕು ವರ್ಷ ಇವನ ಫೀಸು ಕಟ್ಟುತ್ತಾರೆಯೇ?

ಹಾಳಾದ ಒಂದು ಶೀಟಿನ ಬೆನ್ನ ಮೇಲೆ ಗೆರೆ ಎಳೆದು ಇಬ್ಬರೂ ಕೂತೆವು. ಫೀಸು ಒಂದು ಕಾಲಂ. ಹಾಸ್ಟೆಲ್ ಅಥವಾ ಬಸ್ಸು ಇನ್ನೊಂದು. ಊಟ, ಪುಸ್ತಕ, ಲ್ಯಾಪ್‌ಟಾಪು. ಎಲ್ಲವನ್ನೂ ನಾಲ್ಕರಿಂದ ಗುಣಿಸಿದೆವು, ಒಂದು ವರ್ಷದ ಲೆಕ್ಕ ಲೆಕ್ಕವೇ ಅಲ್ಲ. ಬ್ಯಾಂಕಿನ ಸಾಲ ಇದೆಯಲ್ಲ ಎನ್ನಬೇಡಿ. ಕಂತು ಶುರುವಾಗುವುದು ಓದು ಮುಗಿದ ಮೇಲೆ ನಿಜ, ಬಡ್ಡಿ ಮಾತ್ರ ದುಡ್ಡು ಕೈಗೆ ಬಂದಾಗಿನಿಂದಲೇ ಬೆಳೆಯುತ್ತಿರುತ್ತದೆ.

ಗೆಳೆಯರೇ, ಇದೊಂದನ್ನು ಗಟ್ಟಿಯಾಗಿ ನೆನಪಿಡಿ. ಪರೀಕ್ಷಾ ಪ್ರಾಧಿಕಾರದ ಕಂಪ್ಯೂಟರು ನಿಮ್ಮ ಪಟ್ಟಿಯನ್ನು ಮೇಲಿನಿಂದ ಓದುತ್ತದೆ. ನಿಮ್ಮ ರ‍್ಯಾಂಕಿಗೆ ಸಿಗುವ ಮೊದಲ ಹೆಸರು ಬಂದೊಡನೆ ನಿಂತುಬಿಡುತ್ತದೆ. ಕೆಳಗೆ ಬರೆದದ್ದೆಲ್ಲ ಹೋಯಿತು! ಶೋಕಿಗೆಂದು ಕೈಗೆಟುಕದ ಕಾಲೇಜನ್ನು ಮೇಲೆ ಬರೆದು, ಕೈಗೆಟುಕುವ ಸರ್ಕಾರಿ ಕಾಲೇಜನ್ನು ಕೆಳಗೆ ಬರೆದಿರೋ, ದುಬಾರಿಯದೇ ಕೊರಳಿಗೆ ಬೀಳುತ್ತದೆ. ಅಣಕು ಸೀಟು ಹಂಚಿಕೆ ಮಾಡುವುದು ಇದಕ್ಕೇ. ಅದು ಬಂದ ಮೇಲೆ ಪಟ್ಟಿ ತಿದ್ದಲು ಅವಕಾಶವಿದೆ. ಎಷ್ಟು ಜನ ತಿದ್ದುತ್ತೀರಿ? ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪಿನಲ್ಲಿ ಹಾಕಿ ಮಲಗುತ್ತೀರಿ.

ಹಿಂದಿನ ವರ್ಷಗಳ ಕಟಾಫ್ ಪಟ್ಟಿ ಪ್ರಾಧಿಕಾರವೇ ಕೊಡುತ್ತದೆ. ಅದರಲ್ಲಿ 2ಎಕೆ, 2ಎಆರ್ ಎಂಬ ಕಾಲಂ ನೋಡಿದ್ದೀರಾ? ಆ 'ಕೆ' ನಿಮ್ಮದು! ಒಂದರಿಂದ ಹತ್ತರ ತನಕ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5 ಸೀಟು. 'ಆರ್' ಗ್ರಾಮೀಣ, ಶೇಕಡ 15. ಬಿಇಒ ಆಫೀಸಿನ ಸಹಿ ತರಲು ಸೋಮಾರಿತನ, ಕನ್ನಡ ಮೀಡಿಯಂ ಎಂದು ಹೇಳಿಕೊಳ್ಳಲು ನಾಚಿಕೆ! ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗಿದ್ದರೆ ಬೋಧನಾ ಶುಲ್ಕ ಮನ್ನಾ ಆಗುವ ಎಸ್‌ಎನ್‌ಕ್ಯೂ ಸೀಟುಗಳೂ ಇವೆ. ಇವನ್ನು ಯಾವ ಪ್ರಾಸ್ಪೆಕ್ಟಸ್ಸಿನಲ್ಲೂ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಲು ಯಾರೂ ನನ್ನ ಬಳಿ ಬಂದಿಲ್ಲ.

ಸರ್ಕಾರಿ ಕಾಲೇಜು ಸ್ವರ್ಗ ಎಂದು ನಾನು ಹೇಳುತ್ತಿಲ್ಲ. ಎಷ್ಟೋ ಕಡೆ ಅತಿಥಿ ಉಪನ್ಯಾಸಕರ ಮೇಲೇ ತರಗತಿ ನಡೆಯುತ್ತದೆ, ಆ ಜಗಳ ಸರ್ಕಾರದೊಂದಿಗೆ ಬೇರೆ ಆಡೋಣ. ಆದರೆ ಬೆಂಗಳೂರಿನ ಯುವಿಸಿಇ ವಿಶ್ವೇಶ್ವರಯ್ಯನವರ ಕಾಲದ್ದು, 1917ರದ್ದು. ರಾಮನಗರ, ಹಾಸನ, ಚಾಮರಾಜನಗರ, ಹಾವೇರಿ, ಕಾರವಾರ, ರಾಯಚೂರಿನಲ್ಲೂ ಸರ್ಕಾರಿ ಇಂಜಿನಿಯರಿಂಗ್ ಕಾಲೇಜುಗಳಿವೆ. ಸ್ವಾಯತ್ತವಲ್ಲದ ವಿಟಿಯು ಕಾಲೇಜುಗಳಿಗೆಲ್ಲ ಪಠ್ಯ ಒಂದೇ, ಪ್ರಶ್ನೆಪತ್ರಿಕೆ ಒಂದೇ. ಖಾಸಗಿ ಕಾಲೇಜಿಗೇ ಹೋಗುವುದಾದರೆ ಹೊದಿಕೆಯ ಮೇಲಿನ ನ್ಯಾಕ್ ಗ್ರೇಡಿಗೆ ಮರುಳಾಗಬೇಡಿ, ಅದು ಇಡೀ ಕಾಲೇಜಿಗೆ ಕೊಟ್ಟದ್ದು. ನೀವು ಸೇರುವ ಶಾಖೆಗೆ ಎನ್‌ಬಿಎ ಮಾನ್ಯತೆ ಇದೆಯೇ ಎಂದು ಕೇಳಿ. ಒಂದು ದಿನ ಬಸ್ಸು ಹತ್ತಿ ಹೋಗಿ, ಗೇಟಿನ ಪಕ್ಕದ ಟೀ ಅಂಗಡಿಯಲ್ಲಿ ಕೊನೇ ವರ್ಷದ ಹುಡುಗರನ್ನು ಮಾತಿಗೆಳೆಯಿರಿ. ಲ್ಯಾಬಿನಲ್ಲಿ ಮಷೀನು ಓಡುತ್ತದೋ, ಬಟ್ಟೆ ಹೊದ್ದು ಕೂತಿದೆಯೋ ಅವರೇ ಹೇಳುತ್ತಾರೆ.

ಇಷ್ಟೆಲ್ಲ ಹೇಳಲು ಪಿಯುಸಿ ಓದಿದ ನೀನು ಯಾರು ಎನ್ನಬಹುದು. 1998ರಲ್ಲಿ ಕೌನ್ಸೆಲಿಂಗಿನಲ್ಲಿ ನನಗೂ ಫ್ರೀ ಸೀಟು ಸಿಗುವ ಹಾಗಿತ್ತು. ದೂರದ ಊರಿನ ಕಾಲೇಜು, ಗೆಳೆಯರಲ್ಲಿ ಯಾರೂ ಹೆಸರು ಕೇಳಿರಲಿಲ್ಲ. ಬೆಂಗಳೂರಿನದೇ ಬೇಕೆಂದು ಜಂಬದಿಂದ ಎದ್ದು ಬಂದೆ. ಪೇಮೆಂಟ್ ಸೀಟಿನ ಫೀಸು ಕೇಳಿ ನಮ್ಮಪ್ಪ ಏನೂ ಮಾತಾಡಲಿಲ್ಲ. ಮಾರನೇ ವಾರ ಅವರ ಟ್ರೆಡಲ್ ಮಷೀನಿನ ಮುಂದೆ ನಿಂತೆ.

ಬೈಂಡಿಂಗಿನವರ ಮಗನ ನಲವತ್ತೆರಡು ಹೆಸರು ಹನ್ನೆರಡಕ್ಕೆ ಇಳಿಯಿತು. ಸರ್ಕಾರಿ ಕಾಲೇಜಿನಲ್ಲಿ ಮೆಕ್ಯಾನಿಕಲ್ ಸಿಕ್ಕಿದೆ, ಕನ್ನಡ ಮಾಧ್ಯಮದ ಕೋಟಾದಲ್ಲೇ. ಅವರಪ್ಪ ನನ್ನ ಬಳಿ ಮುಂಗಡ ಕೇಳಿದ್ದು ಒಂದೇ ಸಲ.

ಈ ವರ್ಷ ನಮ್ಮ ಪ್ರೆಸ್ಸಿನ ಬಾಗಿಲಿಗೆ ಬೋರ್ಡು ಬರೆಸಿ ಹಾಕಿದ್ದೇನೆ: ನಾಲ್ಕು ವರ್ಷದ ಪೂರ್ತಿ ಖರ್ಚು ಮೊದಲ ಪುಟದಲ್ಲಿ ಕನ್ನಡದಲ್ಲಿ ಇರುವ ಪ್ರಾಸ್ಪೆಕ್ಟಸ್ಸಿಗೆ ಮಾತ್ರ ಇಲ್ಲಿ ಪ್ಲೇಟು ಹಾಕಲಾಗುವುದು. ಒಬ್ಬರು ಓದಿ ನಕ್ಕು ಪಕ್ಕದ ಪ್ರೆಸ್ಸಿಗೆ ಹೋದರು. ಇನ್ನೊಬ್ಬರು ಮ್ಯಾನೇಜ್‌ಮೆಂಟಿನವರನ್ನು ಕೇಳಿ ಬರುತ್ತೇನೆ ಎಂದು ಹೋದವರು ಇನ್ನೂ ಬಂದಿಲ್ಲ.