ಪಾದಯಾತ್ರಿಕನಿಗೆ ಯಾವ ನಕಾಶೆ?

ಯುಗಾದಿ ಸಮೀಪಿಸಿತೆಂದರೆ ನಮ್ಮ ಸೀಮೆಯ ಭಕ್ತಜನರು ಕಾಲ್ನಡಿಗೆಯಲ್ಲಿ ಶ್ರೀಶೈಲದ ದಾರಿ ಹಿಡಿಯುವರು. ಮುಂದಿನವರ ಹೆಜ್ಜೆಯೇ ಅವರಿಗೆ ನಕಾಶೆ. ಹಿಂದಿನಿಂದಲೂ ಹೀಗೆಯೇ ನಡೆದಿರುವಾಗ ಕಾಗದದ ನಕಾಶೆ ಏತಕ್ಕೆಂದು ಹಿರಿಯರು ಕೇಳುವುದು ಸಹಜ. ಗುಂಪು ಕೂಡಿರುವ ತನಕ ಅವರ ಮಾತು ನಿಜ. ಆದರೆ ಕಾಲು ಬೊಬ್ಬೆಯೆದ್ದು ಹಿಂದುಳಿದವನಿಗೆ, ಬಿಸಿಲಿಗೆ ಸೋತ ಮುದುಕಿಗೆ ಮುಂದಿನ ನೀರು ಎಷ್ಟು ದೂರವೆಂದು ಹೇಳುವವರಾರು? ಆದುದರಿಂದ ತಂಡಕ್ಕೊಂದು ನಕಾಶೆ ಇರಲೇಬೇಕು. ಯಾವುದನ್ನು ಆಯ್ದುಕೊಳ್ಳಬೇಕೆಂಬುದೇ ಪ್ರಶ್ನೆ.

ಮೊದಲು ನೋಡತಕ್ಕದ್ದು ಅಳತೆ. 1767ರಲ್ಲಿ ಸ್ಥಾಪಿತವಾದ ಭಾರತ ಸರ್ವೇಕ್ಷಣ ಇಲಾಖೆಯ ನಕಾಶೆಗಳಲ್ಲಿ ಎರಡು ಬಗೆ ನಮಗೆ ಉಪಯುಕ್ತ. ಒಂದರಲ್ಲಿ ಸೆಂಟಿಮೀಟರಿಗೆ ಎರಡೂವರೆ ಕಿಲೋಮೀಟರು. ಇನ್ನೊಂದರಲ್ಲಿ 500 ಮೀಟರು. ಜವಳಗೇರಾದಿಂದ ಶ್ರೀಶೈಲಕ್ಕೆ ಹಕ್ಕಿ ಹಾರುವ ದೂರವೇ 200 ಕಿಲೋಮೀಟರಿಗೆ ಮಿಕ್ಕಿದ್ದು. ಎರಡನೆಯ ಬಗೆಯ ಒಂದು ಹಾಳೆಯ ಅಗಲಕ್ಕೆ ಹಿಡಿಸುವುದು ಸುಮಾರು 27 ಕಿಲೋಮೀಟರು. ಅಷ್ಟು ಹಾಳೆಗಳ ಹೊರೆ ಬೇಡ. ಊರೂರು ಸಿಗುವ ಬಯಲುದಾರಿಗೆ ಮೊದಲನೆಯದು ಸಾಕು. ಆದರೆ ಆತ್ಮಕೂರು, ವೆಂಕಟಾಪುರ ದಾಟಿ ನಲ್ಲಮಲದ ಅಡವಿ ಹೊಕ್ಕ ಮೇಲೆ ನಾಗಲೂಟಿ, ಪೆಚ್ಚೆರುವು, ಭೀಮುನಿಕೊಲನುಗಳ ಏರಿಳಿತಕ್ಕೆ ಎರಡನೆಯದೇ ಬೇಕು. ಅದರಲ್ಲಿ ಎತ್ತರದ ಗೆರೆಗಳು ಒತ್ತೊತ್ತಾಗಿದ್ದರೆ ಏರು ಕಡಿದೆಂದು ತಿಳಿದು, ಬಿಸಿಲೇರುವ ಮೊದಲೇ ಹತ್ತಬಹುದು.

ಎರಡನೆಯದು ಸರ್ವೆಯ ವರುಷ. ಅದು ಹಾಳೆಯ ಅಂಚಿನಲ್ಲಿಯೇ ಅಚ್ಚಾಗಿರುತ್ತದೆ. ತುಂಗಭದ್ರೆಯ ಎಡದಂಡೆ ಕಾಲುವೆಗೆ ಮೊದಲಿನ ಹಾಳೆಯಲ್ಲಿ ಸಿಂಧನೂರು ಸೀಮೆಯ ಇಂದಿನ ನೀರಿಲ್ಲ. 1981ರಲ್ಲಿ ಮುಗಿದ ಶ್ರೀಶೈಲದ ಅಣೆಕಟ್ಟಿಗೆ ಮುಂಚಿನ ಹಾಳೆಯಲ್ಲಿ, ಕೃಷ್ಣೆಯಲ್ಲಿ ಮುಳುಗಿದ ಹಳ್ಳಿಗಳು ಇನ್ನೂ ಬದುಕಿವೆ!

ಕಿಸೆಯಲ್ಲಿ ಫೋನಿರುವಾಗ ಇದೆಲ್ಲ ಏಕೆಂದು ಮಿತ್ರರು ನಗಬಹುದು. ಫೋನು ಒಳ್ಳೆಯ ಸಂಗಾತಿ, ಸಂದೇಹವಿಲ್ಲ. ಆದರೆ ನಕಾಶೆಯನ್ನು ಮೊದಲೇ ಇಳಿಸಿಕೊಂಡಿರದಿದ್ದರೆ ಅಡವಿಯಲ್ಲಿ ಅದರ ಪರದೆ ಬರಿದು. ಬ್ಯಾಟರಿ ತೀರಿದರೆ ಅದೂ ಇಲ್ಲ. ಕಾಗದಕ್ಕೆ ಆ ಭಯವಿಲ್ಲ. 2005ರ ನಕಾಶೆ ನೀತಿಯಿಂದ ಇಂತಹ ಹಾಳೆಗಳು ಸಾರ್ವಜನಿಕರಿಗೆ ತೆರೆದಿರುವಾಗ ಸಂಕೋಚವೇತಕ್ಕೆ?

ಆದರೂ ಒಂದು ಕೊರತೆ ಉಳಿಯುತ್ತದೆ. ಯಾವ ಹಳ್ಳ ಯುಗಾದಿಗೆ ಬತ್ತುತ್ತದೆ, ಯಾವ ಊರಲ್ಲಿ ಮಜ್ಜಿಗೆ ಕೊಟ್ಟು ಇಳಿಸಿಕೊಳ್ಳುತ್ತಾರೆ ಎಂಬುದು ಯಾವ ಹಾಳೆಯಲ್ಲಿಯೂ ಇಲ್ಲ. ಅದು ಅಕ್ಷರ ಬಾರದ ನನ್ನ ತಂದೆಯಂತಹವರ ನೆನಪಿನಲ್ಲಿದೆ. ಅವರ ನಂತರ ಅದು ಯಾರಿಗೆ? ಮನೆಯಲ್ಲಿ ಮೊದಲಿಗರಾಗಿ ಕಾಲೇಜು ಕಂಡ ನಾವು ನಕಾಶೆಯನ್ನು ಅವರ ಮುಂದೆ ಹಾಸಿ, ಕೇಳಿ ಕೇಳಿ ಶಾಯಿಯಲ್ಲಿ ಗುರುತು ಹಾಕಬೇಕು. ಯಾವ ನಕಾಶೆಯೆಂದು ಕೇಳಿದರೆ, ಹಾಗೆ ತಿದ್ದಿದ ನಕಾಶೆಯೇ ಎನ್ನುವೆನು.