ಹನ್ನೆರಡು ಟೆನ್ಸ್‌ಗಳ ಕೋಷ್ಟಕ ಮತ್ತು ಮನೆಯ ಕನ್ನಡ

ಶಾಲೆಯ ಇಂಗ್ಲಿಷ್ ವ್ಯಾಕರಣದಲ್ಲಿ ಹನ್ನೆರಡು ಮನೆಗಳ ಒಂದು ಕೋಷ್ಟಕ ಬರುತ್ತದೆ. ಪ್ರೆಸೆಂಟ್, ಪಾಸ್ಟ್, ಫ್ಯೂಚರ್ ಎಂದು ಮೂರು ಕಾಲ. ಒಂದೊಂದಕ್ಕೂ ಸಿಂಪಲ್, ಕಂಟಿನ್ಯುಯಸ್, ಪರ್ಫೆಕ್ಟ್, ಪರ್ಫೆಕ್ಟ್ ಕಂಟಿನ್ಯುಯಸ್ ಎಂದು ನಾಲ್ಕು ಬಗೆ. ಮಕ್ಕಳು ಅದನ್ನು ಮಗ್ಗಿಯಂತೆ ಉರು ಹೊಡೆಯುತ್ತಾರೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆಯುತ್ತಾರೆ. ಬಾಯಿ ತೆರೆದಾಗ ಮಾತ್ರ "ಐ ಡಿಡ್ ನಾಟ್ ಫಿನಿಶ್ಡ್" ಎಂದೇ ಬರುತ್ತದೆ. ಪುಣೆಯಲ್ಲೋ ಚೆನ್ನೈಯಲ್ಲೋ ನೆಲೆಸಿದ ಕನ್ನಡದ ಮನೆಗಳಲ್ಲಿ ಇದರ ಹೊಣೆ ಬೇಗ ಮನೆಮಾತಿನ ತಲೆಗೆ ಬೀಳುತ್ತದೆ. ಶಾಲೆಯಲ್ಲಿ ಒಂದು, ಬೀದಿಯಲ್ಲಿ ಒಂದು, ಮನೆಯಲ್ಲಿ ಇನ್ನೊಂದು ಭಾಷೆಯಾದರೆ ಮಗು ಗೊಂದಲಕ್ಕೆ ಬೀಳುತ್ತದೆ, ಆದ್ದರಿಂದ ಮನೆಯಲ್ಲೂ ಇಂಗ್ಲಿಷೇ ಇರಲಿ ಎಂಬ ತೀರ್ಮಾನವಾಗುತ್ತದೆ. ಕೈಬಿಡಬೇಕಾದದ್ದು ಕನ್ನಡವಲ್ಲ, ಕೋಷ್ಟಕವನ್ನು ಕಲಿಸುವ ಈ ಕ್ರಮ.

ಇಂಗ್ಲಿಷಿನ ನಿಯಮಿತ ಕ್ರಿಯಾಪದಕ್ಕೆ ಇರುವುದು ನಾಲ್ಕೇ ರೂಪ: ವಾಕ್, ವಾಕ್ಸ್, ವಾಕ್ಡ್, ವಾಕಿಂಗ್. ಹನ್ನೆರಡು ಮನೆಗಳಲ್ಲೂ ಓಡಾಡುವುದು ಇವೇ. ಉಳಿದ ಕೆಲಸವನ್ನು ಬಿ, ಹ್ಯಾವ್, ವಿಲ್ ಎಂಬ ಸಹಾಯಕ ಕ್ರಿಯಾಪದಗಳು ಮಾಡುತ್ತವೆ. ಭವಿಷ್ಯತ್ತಿಗೆಂದೇ ಬೇರೆ ಪ್ರತ್ಯಯವಿಲ್ಲ. ಹೀಗಾಗಿ ಇಂಗ್ಲಿಷಿನಲ್ಲಿ ಇರುವುದು ಭೂತ ಮತ್ತು ಭೂತವಲ್ಲದ್ದು ಎಂಬ ಎರಡೇ ಕಾಲ ಎನ್ನುವ ಭಾಷಾವಿಜ್ಞಾನಿಗಳು ಅನೇಕರಿದ್ದಾರೆ. "ದ ಟ್ರೇನ್ ಲೀವ್ಸ್ ಟುಮಾರೊ" ಎಂಬಲ್ಲಿ ರೈಲು ಹೊರಡುವುದು ನಾಳೆ, ಕ್ರಿಯಾಪದ ಮಾತ್ರ ವರ್ತಮಾನದ್ದು.

ಕನ್ನಡದ ಮಗುವಿಗೆ ಇದರಲ್ಲಿ ಹೊಸತೇನೂ ಇಲ್ಲ. "ದಿನಾ ಬರ್ತೀನಿ" ಎನ್ನುವ ಬಾಯಿಯೇ "ನಾಳೆ ಬರ್ತೀನಿ" ಎನ್ನುತ್ತದೆ. "ಬರುವೆನು" ಎಂಬ ಭವಿಷ್ಯತ್ ರೂಪ ಪುಸ್ತಕದಲ್ಲಿ ಉಳಿದಿದೆ, ಅಡುಗೆಮನೆಯಲ್ಲಿ ಕೇಳಿಸುವುದು ಅಪರೂಪ. ಇನ್ನು ಪ್ರತ್ಯಯಗಳ ಲೆಕ್ಕಕ್ಕೆ ಇಳಿದರೆ ಇಂಗ್ಲಿಷ್ ಕನ್ನಡದ ಹತ್ತಿರಕ್ಕೂ ಬರುವುದಿಲ್ಲ. ನಡೆದೆ, ನಡೆದ, ನಡೆದಳು, ನಡೆಯಿತು, ನಡೆದೆವು, ನಡೆದಿರಿ, ನಡೆದರು: ಇಷ್ಟನ್ನೂ ಮಗು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ, ಯಾವ ಕೋಷ್ಟಕವೂ ಇಲ್ಲದೆ ಕಲಿತಿರುತ್ತದೆ. ಇವೆಲ್ಲಕ್ಕೂ ಇಂಗ್ಲಿಷಿನ ಉತ್ತರ ಒಂದೇ: ವಾಕ್ಡ್.

ಹಾಗಾದರೆ "ಡಿಡ್ ನಾಟ್ ಫಿನಿಶ್ಡ್" ಎಲ್ಲಿಂದ ಬರುತ್ತದೆ? ಇಂಗ್ಲಿಷ್ ವಾಕ್ಯದ ಕ್ರಿಯೆಯಲ್ಲಿ ಕಾಲದ ಗುರುತು ಬೀಳುವುದು ಒಂದೇ ಕಡೆ. ಡಿಡ್ ಆ ಹೊರೆಯನ್ನು ಹೊತ್ತ ಮೇಲೆ ಫಿನಿಶ್ ಬರಿಗೈಯಲ್ಲಿ ನಿಲ್ಲಬೇಕು. ಹನ್ನೆರಡು ಮನೆಗಳ ಕೋಷ್ಟಕ ಇದನ್ನು ಹೇಳುವುದಿಲ್ಲ. ಮನೆಯ ಕನ್ನಡ ಹೇಳುತ್ತದೆ. "ಮುಗಿಸಿದೆ" ಎಂಬುದನ್ನು ಅಲ್ಲಗಳೆಯಲು ಯಾವ ಮಗುವೂ "ಮುಗಿಸಿದೆ ಇಲ್ಲ" ಎನ್ನುವುದಿಲ್ಲ, "ಮುಗಿಸಲಿಲ್ಲ" ಎನ್ನುತ್ತದೆ. ಭೂತಕಾಲದ ದಕಾರ ಬಿದ್ದುಹೋಯಿತು, "ನಾನು" ಎಂದು ಸೂಚಿಸುವ ಎಕಾರವೂ ಹೋಯಿತು. ನಾನು ಮುಗಿಸಲಿಲ್ಲ, ಅವಳು ಮುಗಿಸಲಿಲ್ಲ, ಅವರು ಮುಗಿಸಲಿಲ್ಲ. ನಿಷೇಧ ಬಂದಾಗ ಮೂಲ ಕ್ರಿಯಾಪದ ತನ್ನ ಒಡವೆ ಕಳಚುತ್ತದೆ ಎಂಬ ತಿಳಿವಳಿಕೆ ಮಗುವಿನಲ್ಲಿ ಆಗಲೇ ಇದೆ.

ಇದಕ್ಕಿಂತ ಹತ್ತಿರದ ಉದಾಹರಣೆ ಇಂದಿನ ಆಡುಮಾತಿನಲ್ಲೇ ಇದೆ. ಹೈದರಾಬಾದಿನ ಕನ್ನಡದ ಹುಡುಗಿ "ಅಮ್ಮ, ಅಜ್ಜಿಗೆ ಕಾಲ್ ಮಾಡ್ದೆ" ಎನ್ನುತ್ತಾಳೆ. "ಕಾಲ್ಡ್ ಮಾಡ್ದೆ" ಎನ್ನುವುದಿಲ್ಲ. "ಡೌನ್‌ಲೋಡ್ ಮಾಡ್ತೀನಿ", "ಡಿಲೀಟ್ ಮಾಡ್ಲಿಲ್ಲ" ಎನ್ನುವಾಗಲೂ ಇಂಗ್ಲಿಷ್ ಕ್ರಿಯಾಪದ ಬರಿಯ ರೂಪದಲ್ಲಿರುತ್ತದೆ, ಕಾಲವನ್ನು "ಮಾಡು" ಹೊರುತ್ತದೆ. ಡಿಡ್ ಮತ್ತು ಡಸ್ ಮಾಡುವ ಕೆಲಸವೂ ಇಂಥದ್ದೇ. "ಕಾಲ್ ಮಾಡಲಿಲ್ಲ" ಎಂಬುದರ ಪಕ್ಕದಲ್ಲಿ "ಡಿಡ್ ನಾಟ್ ಕಾಲ್" ಎಂದು ಬರೆದು ತೋರಿಸಿದರೆ ಅರ್ಧ ಪಾಠ ಮುಗಿದಂತೆ. "ಶಿ ಕಾಲ್ಸ್" ಎಂಬುದು "ಶಿ ಡಸ್ ನಾಟ್ ಕಾಲ್" ಆದಾಗ ಆ ಸಕಾರ ಎಲ್ಲಿಗೆ ಹೋಯಿತು ಎಂಬುದನ್ನು ಮಗುವೇ ಹೇಳುತ್ತದೆ.

ಉಚ್ಚಾರಣೆಯಲ್ಲೂ ಹೀಗೆ ಒಂದು ಹಿಡಿ ಸಿಗುತ್ತದೆ. ನಿಯಮಿತ ಭೂತಕಾಲದ ಪ್ರತ್ಯಯವನ್ನು ಬರೆಯುವುದು ಒಂದೇ ರೀತಿ, ನುಡಿಯುವುದು ಮೂರು ರೀತಿ: ಲುಕ್ಟ್, ಪ್ಲೇಡ್, ವಾಂಟಿಡ್. ಕನ್ನಡದಲ್ಲಿ ಕಲಿತ, ನಡೆದ, ಮಾಡಿದ ಎಂಬ ಮೂರು ಇವೆ. ಎರಡಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ, ನಿಯಮಗಳೂ ಬೇರೆ. ಆದರೆ ಒಂದೇ ಭೂತಕಾಲ ಹಿಂದಿನ ಪದವನ್ನು ನೋಡಿ ದನಿ ಬದಲಿಸುತ್ತದೆ ಎಂಬುದು ಕನ್ನಡದ ಕಿವಿಗೆ ಹೊಸ ವಿಚಾರವಲ್ಲ. ಅಮೆರಿಕದ ಜೀನ್ ಬರ್ಕೊ 1958ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪುಟ್ಟ ಮಕ್ಕಳಿಗೆ "ರಿಕ್" ಎಂಬ ಅರ್ಥವಿಲ್ಲದ ಕ್ರಿಯಾಪದ ಕೊಟ್ಟಾಗ ಹೆಚ್ಚಿನವರು ಅದರ ಭೂತಕಾಲವನ್ನು ತಾವಾಗಿಯೇ "ರಿಕ್ಟ್" ಎಂದರು. ಅವರು ಹಿಂದೆಂದೂ ಕೇಳದ ಪದವದು. ನಿಯಮ ಮನಸ್ಸಿಗೆ ಇಳಿಯುವುದು ಕೇಳಿದ ಮಾತಿನಿಂದ. ಪಟ್ಟಿ ಬರುವುದು ಆಮೇಲೆ.

ಕನ್ನಡ ಎಲ್ಲ ಕಡೆಯೂ ಕೈಹಿಡಿಯುತ್ತದೆ ಎಂದಲ್ಲ. "ನಿನ್ನೆಯೇ ಮುಗಿಸಿದ್ದೇನೆ" ಎಂಬುದು ಒಳ್ಳೆಯ ಕನ್ನಡ. ಅದನ್ನೇ "ಐ ಹ್ಯಾವ್ ಫಿನಿಶ್ಡ್ ಇಟ್ ಯೆಸ್ಟರ್‌ಡೇ" ಎಂದರೆ ಶಿಷ್ಟ ಇಂಗ್ಲಿಷ್ ಒಪ್ಪುವುದಿಲ್ಲ. ಹ್ಯಾವ್ ಬಂದಲ್ಲಿ ನಿನ್ನೆ, ಮೊನ್ನೆ ಎಂದು ಮುಗಿದುಹೋದ ಹೊತ್ತನ್ನು ಹೆಸರಿಸುವಂತಿಲ್ಲ. ಎರಡು ದಾರಿಗಳು ಬೇರೆಯಾಗುವ ಇಂಥ ತಿರುವುಗಳನ್ನೇ ಬೆರಳಿಟ್ಟು ತೋರಿಸಬೇಕು. ಎರಡೂ ದಾರಿ ಬಲ್ಲ ಮಗುವಿಗೆ ತಿರುವು ಕಾಣುತ್ತದೆ, ಒಂದನ್ನು ಮುಚ್ಚಿಬಿಟ್ಟರೆ ಕಾಣುವುದಿಲ್ಲ.

ಪರೀಕ್ಷೆ ಕೋಷ್ಟಕವನ್ನು ಕೇಳುವವರೆಗೆ ಮಕ್ಕಳು ಅದನ್ನು ಕಲಿಯಲೇಬೇಕಾಗುತ್ತದೆ. ಕಲಿಯಲಿ, ಆದರೆ ಅದು ಪಾಠದ ಕೊನೆಗೆ, ತಿಳಿದದ್ದನ್ನು ಜೋಡಿಸಿಡುವ ಕಪಾಟಿನಂತೆ ಬರಲಿ. ಮೊದಲು ನಾಲ್ಕು ರೂಪ, ಆಮೇಲೆ ಕಾಲದ ಗುರುತು ಒಂದೇ ಕಡೆ ಎಂಬ ಸೂತ್ರ, ಪಕ್ಕದಲ್ಲಿ ಮನೆಯ ವಾಕ್ಯ. ಇಂಗ್ಲಿಷಿಗೆ ಜಾಗ ಮಾಡಿಕೊಡಲೆಂದು ಅಜ್ಜಿಯ ಜೊತೆಗಿನ ಮಾತನ್ನು ನಿಲ್ಲಿಸುವ ತಂದೆತಾಯಿ, ಮಗುವಿಗೆ ಚೆನ್ನಾಗಿ ಗೊತ್ತಿರುವ ಏಕೈಕ ವ್ಯಾಕರಣವನ್ನೇ ಕೈಯಿಂದ ಕಸಿದುಕೊಂಡು, ಇನ್ನೊಂದನ್ನು ಕಲಿ ಎನ್ನುತ್ತಿದ್ದಾರೆ.